ಹಳೆಯ ತ್ಸುಬಾದ ತುಕ್ಕನ್ನು ಉಜ್ಜಿ ತೆಗೆಯಬಹುದೇ?

ಪ್ರಶ್ನೆ: ಜಪಾನಿನ ಹಳೆಯ ಕಬ್ಬಿಣದ ತ್ಸುಬಾ (ಕತ್ತಿಯ ಹಿಡಿಯ ಮುಂದೆ ಕೂರಿಸುವ ಬಿಲ್ಲೆ) ಒಂದನ್ನು ಕೊಂಡಿದ್ದೇನೆ. ಅಲ್ಲಲ್ಲಿ ಕೆಂಪು ತುಕ್ಕು ಕಾಣುತ್ತಿದೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ಹೊಳಪು ಬರಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಹಳೆಯ ಕಬ್ಬಿಣದ ತ್ಸುಬಾಗೆ ಬೆಲೆ ಇರುವುದೇ ಅದರ ಮೈಮೇಲಿನ ಕಪ್ಪು ಪದರದಲ್ಲಿ. ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಈ ಬಿಲ್ಲೆಯನ್ನು ಮಾಡಿದವರು ಬಣ್ಣವನ್ನು ಬೇಕೆಂದೇ ಬರಿಸುತ್ತಿದ್ದರು. ಆಮೇಲೆ ನೂರಾರು ವರ್ಷ ಕೈಗಳು ಸವರಿ ಅದು ಇನ್ನೂ ಆಳವಾಗಿರುತ್ತದೆ. ನಮ್ಮ ದೋಸೆ ಕಾವಲಿ ಪಳಗಿದ ಹಾಗೆಯೇ ಇದು. ಸ್ಯಾಂಡ್‌ಪೇಪರ್, ವೈರ್ ಬ್ರಷ್, ತುಕ್ಕು ತೆಗೆಯುವ ದ್ರಾವಣ ಯಾವುದೇ ಹಾಕಿದರೂ ಆ ಪದರ ಹೋಗಿಬಿಡುತ್ತದೆ. ಹುಣಸೆಹುಳಿ, ನಿಂಬೆರಸವೂ ಬೇಡ, ಹುಳಿ ಕಪ್ಪನ್ನೂ ತಿನ್ನುತ್ತದೆ.

ಕೆಂಪು ತುಕ್ಕಿನ ವಿಷಯ ಬೇರೆ. ಅದು ಸಡಿಲ, ತೇವ ಹಿಡಿದಿಟ್ಟುಕೊಂಡು ಕೆಳಗಿನ ಕಬ್ಬಿಣವನ್ನು ಕೊರೆಯುತ್ತಾ ಹೋಗುತ್ತದೆ. ಅದನ್ನು ಮಾತ್ರ ತೆಗೆಯಬೇಕು. ಹಳಬರು ಬಳಸುವುದು ಮೂಳೆ, ಕೊಂಬು ಅಥವಾ ಬಿದಿರಿನ ಚೂಪು ತುಂಡು. ಇವು ತುಕ್ಕನ್ನು ಎಬ್ಬಿಸುತ್ತವೆ, ಆದರೆ ಕಬ್ಬಿಣಕ್ಕಿಂತ ಮೆತ್ತಗಿರುವುದರಿಂದ ಗೀರು ಬೀಳಿಸುವುದಿಲ್ಲ. ದಂತ, ಜಿಂಕೆ ಕೊಂಬು ಹುಡುಕಿಕೊಂಡು ಹೋಗಬೇಡಿ, ಭಾರತದಲ್ಲಿ ಅವುಗಳ ವ್ಯಾಪಾರಕ್ಕೆ ನಿಷೇಧವಿದೆ. ಚೆನ್ನಾಗಿ ಒಣಗಿದ ದನದ ಮೂಳೆ ಅಥವಾ ಬಿದಿರು ಸಾಕು. ತುದಿಯನ್ನು ತುಕ್ಕಿನ ಮೇಲೆ ಊರಿ ಮೆಲ್ಲಗೆ ತಿಕ್ಕಿ, ಹತ್ತಿ ಬಟ್ಟೆಯಲ್ಲಿ ಒರೆಸಿ, ಮತ್ತೆ ತಿಕ್ಕಿ. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ಕಪ್ಪು ಕಾಣಿಸಿದ ಕೂಡಲೇ ಅಲ್ಲಿ ನಿಲ್ಲಿಸಿ.

ಚಿನ್ನ, ಬೆಳ್ಳಿಯ ಕುಸುರಿ ಕೂರಿಸಿದ್ದರೆ ಅದರ ಹತ್ತಿರ ಕೈಯೇ ಹಾಕಬೇಡಿ. ಅಂಚು ಎದ್ದುಬಿಟ್ಟರೆ ಕುಸುರಿ ಕಳಚಬಹುದು. ನಡುವಿನ ತೂತಿನಲ್ಲಿ ತಾಮ್ರದ ತುಂಡುಗಳಿದ್ದರೆ ಅವನ್ನೂ ತೆಗೆಯಬೇಡಿ. ಬೇರೆ ಅಲಗಿಗೆ ಹೊಂದಿಸಲು ಹಾಕಿದ ತುಂಡುಗಳವು. ಆ ತೂತಿನ ಸುತ್ತಲಿನ ಉಳಿಯ ಗುರುತುಗಳೂ ಹಾಗೆಯೇ. ಈ ತ್ಸುಬಾ ನಿಜವಾಗಿ ಕತ್ತಿಯ ಮೇಲೆ ಕೂತಿತ್ತು ಎನ್ನುವುದಕ್ಕೆ ಇವೇ ಸುಳಿವು. 1876ರಲ್ಲಿ ಜಪಾನ್ ಸರ್ಕಾರ ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಉಳಿದವರು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ ಎಷ್ಟೋ ತ್ಸುಬಾಗಳು ಅಲಗಿನಿಂದ ಬೇರೆಯಾಗಿ ಹೊರದೇಶ ಸೇರಿದವು. ಅಂಥವುಗಳ ಹಿಂದಿನ ಕಥೆ ಉಳಿದಿರುವುದು ಇಂಥ ಗುರುತುಗಳಲ್ಲೇ ಅಲ್ವಾ?

ಇನ್ನು ಇಡುವ ವಿಷಯ. ಮುಟ್ಟಿದ ಮೇಲೆ ಬೆವರು ಉಳಿಯದಂತೆ ಒರೆಸಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಣ್ಣೆ ಜಾಸ್ತಿ ಹಚ್ಚಬೇಡಿ, ಅದಕ್ಕೆ ದೂಳು ಅಂಟುತ್ತದೆ.