ಲೂಪಸ್ ಜೋರಾದಾಗ ಸಿ3 ಇಳಿಯುವುದು ಯಾಕೆ?

ಪ್ರಶ್ನೆ: ಮಗಳಿಗೆ 22 ವರ್ಷ, ಲೂಪಸ್ ಇದೆ. ಈ ಸಲದ ರಿಪೋರ್ಟಿನಲ್ಲಿ ಇಎಸ್‌ಆರ್ 68, ಸಿಆರ್‌ಪಿ ನಾರ್ಮಲ್, ಸಿ3 ಮಾತ್ರ 48ಕ್ಕೆ ಇಳಿದಿದೆ. ಕಾಯಿಲೆ ಜೋರಾಗಿದೆ ಅಂತಾರೆ ಡಾಕ್ಟ್ರು. ಉರಿಯೂತ ಇದ್ದರೆ ಎಲ್ಲವೂ ಏರಬೇಕಲ್ಲವೇ?
(ಒಬ್ಬ ತಾಯಿ, ಕಾಪು)

ಉತ್ತರ: ಡಾಕ್ಟ್ರು ಹೇಳಿದ್ದು ಸರಿ. ಇಎಸ್‌ಆರ್, ಸಿಆರ್‌ಪಿ ಉರಿಯೂತ ಇದ್ದಾಗ ಸಾಮಾನ್ಯವಾಗಿ ಏರುವ ರಕ್ತದ ಅಂಕಿಗಳು, ಸಿ3 ರಕ್ತದಲ್ಲಿರುವ ಒಂದು ರಕ್ಷಣಾ ಪ್ರೋಟೀನ್. ಲೂಪಸ್‌ನಲ್ಲಿ ಈ ಮೂರು ಅಂಕಿಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂಥವಲ್ಲ.

ಈ ಕಾಯಿಲೆಯಲ್ಲಿ ದೇಹ ತನ್ನದೇ ಡಿಎನ್‌ಎ ವಿರುದ್ಧ ಆ್ಯಂಟಿಬಾಡಿ ತಯಾರಿಸುತ್ತದೆ. ಎರಡೂ ಅಂಟಿಕೊಂಡು ಆಗುವ ಗಂಟೇ ಇಮ್ಯೂನ್ ಕಾಂಪ್ಲೆಕ್ಸ್. ಗಂಟು ಕಂಡಲ್ಲಿ ಸಿ1ಕ್ಯೂ ಎಂಬ ಪ್ರೋಟೀನ್ ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಸಿ4, ಸಿ2, ಸಿ3 ಸರದಿಯ ಮೇಲೆ ತುಂಡಾಗುತ್ತವೆ. ಸಿ3ಯ ದೊಡ್ಡ ತುಂಡು ಗಂಟಿಗೆ ಅಂಟುತ್ತದೆ. ಕೆಂಪು ರಕ್ತಕಣಗಳು ಆ ಗಂಟನ್ನು ಹೊತ್ತುಕೊಂಡು ಲಿವರ್ ಮತ್ತು ಗುಲ್ಮಕ್ಕೆ ಮುಟ್ಟಿಸುತ್ತವೆ. ಅಂದರೆ ಕಾಂಪ್ಲಿಮೆಂಟ್ ಎಂಬ ಈ ಪ್ರೋಟೀನ್ ಗುಂಪಿನ ಮೊದಲ ಕೆಲಸ ಕಸ ತೆಗೆಯುವುದೇ. ಹುಟ್ಟಿನಿಂದಲೇ ಸಿ1ಕ್ಯೂ ಇಲ್ಲದವರಲ್ಲಿ ಹೆಚ್ಚಿನವರಿಗೆ ಲೂಪಸ್ ಅಥವಾ ಅದರಂಥದ್ದೇ ಕಾಯಿಲೆ ಬರುತ್ತದೆ.

ಗಂಟುಗಳು ಮಿತಿಮೀರಿದರೆ ಕಿಡ್ನಿಯ ಸೋಸುವ ಜಾಗದಲ್ಲಿ ಕೂತುಬಿಡುತ್ತವೆ. ಸಿ3ಎ, ಸಿ5ಎ ಎಂಬ ಚಿಕ್ಕ ತುಂಡುಗಳು ಅಲ್ಲಿಗೆ ಬಿಳಿ ರಕ್ತಕಣಗಳನ್ನು ಸೆಳೆಯುತ್ತವೆ, ಉರಿಯೂತ ಶುರು. ಲಿವರ್ ಸಿ3 ತಯಾರಿಸುತ್ತಲೇ ಇರುತ್ತದೆ, ಖರ್ಚು ಅದಕ್ಕಿಂತ ಜೋರು. ಜೂನ್ ಮಳೆಗೆ ಅಂಗಡಿಯಲ್ಲಿ ಕೊಡೆ ಖಾಲಿಯಾದ ಹಾಗೆ. ಸಿ3ಯ ಸಾಮಾನ್ಯ ಮಟ್ಟ ಸುಮಾರು 90ರಿಂದ 180, ಸಿ4 10ರಿಂದ 40 (ಡೆಸಿಲೀಟರಿಗೆ ಮಿಲಿಗ್ರಾಂ). ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬದಲಾಗುತ್ತದೆ.

ಇನ್ನು ಸಿಆರ್‌ಪಿ. ಲೂಪಸ್ ಕೆರಳಿದಾಗ ಹೆಚ್ಚುವ ಇಂಟರ್‌ಫೆರಾನ್ ಎಂಬ ರಕ್ಷಣಾ ಪ್ರೋಟೀನ್, ಲಿವರ್ ಸಿಆರ್‌ಪಿ ತಯಾರಿಸುವುದನ್ನು ತಡೆಹಿಡಿಯುತ್ತದೆ. ಕೀಲು ಊದಿದಾಗ, ಶ್ವಾಸಕೋಶ ಅಥವಾ ಹೃದಯದ ಹೊದಿಕೆಗೆ ಉರಿಯೂತ ತಗಲಿದಾಗ ಏರುವುದುಂಟು. ಅದು ಬಿಟ್ಟರೆ ಲೂಪಸ್ ಕೆರಳಿದರೂ ಸಿಆರ್‌ಪಿ ಅಷ್ಟಾಗಿ ಏರದು, ಹಾಗಾಗಿ ಲೂಪಸ್ ಇದ್ದವರಿಗೆ ಜ್ವರ ಬಂದು ಸಿಆರ್‌ಪಿ 60, 100 ತೋರಿಸಿದರೆ ಮೊದಲು ಸೋಂಕು ಹುಡುಕಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಇಲಿಜ್ವರವನ್ನೂ ಮರೆಯುವ ಹಾಗಿಲ್ಲ. ಇಎಸ್‌ಆರ್ ಅಂತೂ ರಕ್ತದಲ್ಲಿ ಆ್ಯಂಟಿಬಾಡಿ ಅಥವಾ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜೆನ್ ಹೆಚ್ಚಾದರೂ ಏರುತ್ತದೆ, ರಕ್ತಹೀನತೆಗೂ ಏರುತ್ತದೆ. ಅದೊಂದನ್ನೇ ನಂಬಿ ಮಾತ್ರೆ ಏರಿಸುವುದು ತಪ್ಪು.

ಸಿ3ಯನ್ನು ಮಗಳ ಹಳೆಯ ರಿಪೋರ್ಟುಗಳ ಪಕ್ಕದಲ್ಲಿಟ್ಟು ನೋಡಿ, ಆದಷ್ಟು ಒಂದೇ ಲ್ಯಾಬಿನದು. ವರ್ಷಗಟ್ಟಲೆ 60ರಲ್ಲೇ ಆರಾಮಾಗಿರುವವರಿದ್ದಾರೆ. 110 ಇದ್ದದ್ದು 48ಕ್ಕೆ ಬಿದ್ದರೆ ಅದು ಬೇರೆ ವಿಷಯ. ಕೆಲವರಿಗೆ ಜೀನ್ ಕಾರಣದಿಂದಲೇ ಸಿ4 ಯಾವಾಗಲೂ ಕಡಿಮೆ. ಬಸುರಿಯರಲ್ಲಿ ಸಿ3, ಸಿ4 ತಾವಾಗಿಯೇ ಏರುತ್ತವೆ, ಆದ್ದರಿಂದ ಅವರ 'ನಾರ್ಮಲ್' ಕೆಲವೊಮ್ಮೆ ಇಳಿಕೆಯೇ. ಸಿಎಚ್50 (ಇಡೀ ಕಾಂಪ್ಲಿಮೆಂಟ್ ಗುಂಪು ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡುವ ಪರೀಕ್ಷೆ) ಬರೆದುಕೊಟ್ಟಿದ್ದರೆ ಸ್ಯಾಂಪಲ್ಲನ್ನು ಲ್ಯಾಬ್ ಇರುವಲ್ಲೇ ಕೊಡಿ. ಸೀರಂ ಬೇಗ ಬೇರ್ಪಡಿಸಿ ಫ್ರೀಜ್ ಮಾಡದಿದ್ದರೆ ಕರಾವಳಿಯ ಸೆಕೆಗೆ ಅಂಕಿ ಸುಳ್ಳೇ ಇಳಿಯುತ್ತದೆ.

ಸಿ3 ಇಳಿದ ಮಾತ್ರಕ್ಕೆ ಲೂಪಸ್ ಅಂತಲೂ ಅಲ್ಲ. ಮಕ್ಕಳಿಗೆ ಗಂಟಲು ನೋವಾಗಿ 1ರಿಂದ 3 ವಾರಕ್ಕೆ, ಚರ್ಮದಲ್ಲಿ ಕೀವಾದ ಹುಣ್ಣಾಗಿ 3ರಿಂದ 6 ವಾರಕ್ಕೆ ಮೂತ್ರ ಟೀ ಬಣ್ಣಕ್ಕೆ ತಿರುಗಿ ಮುಖ ಊದಿಕೊಂಡರೆ, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೋಂಕಿನ ನಂತರದ ಕಿಡ್ನಿ ಉರಿಯೂತ ಇರಬಹುದು. ಅಲ್ಲಿ ಸಾಮಾನ್ಯವಾಗಿ ಸಿ3 ಇಳಿದು ಸಿ4 ಸರಿ ಇರುತ್ತದೆ. ಸಿ3 6ರಿಂದ 8 ವಾರದಲ್ಲಿ ಮೇಲೆ ಬರಬೇಕು. 12 ವಾರ ಕಳೆದರೂ ಬಾರದಿದ್ದರೆ ಬಯಾಪ್ಸಿಯ ಮಾತು ಬರುತ್ತದೆ.

ನಿಮ್ಮ ಮಗಳಿಗೆ ಈಗ ಆಗಬೇಕಾದದ್ದು ಮೂತ್ರ ಪರೀಕ್ಷೆ. ಬೆಳಗ್ಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ನೋಡಿಸಿ, ಜೊತೆಗೆ ಆ್ಯಂಟಿ ಡಿಎಸ್‌ಡಿಎನ್‌ಎ (ಮೇಲೆ ಹೇಳಿದ ಡಿಎನ್‌ಎ ವಿರುದ್ಧದ ಆ್ಯಂಟಿಬಾಡಿ), ರಕ್ತದ ಕ್ರಿಯಾಟಿನಿನ್, ಬಿಪಿ. ಅನುಪಾತ 0.5 ದಾಟಿ ಅಲ್ಲೇ ನಿಂತರೆ ಕಿಡ್ನಿ ಬಯಾಪ್ಸಿ ಬೇಕಾಗಬಹುದು. ಮೂತ್ರದಲ್ಲಿ ನೊರೆ, ಕಾಲು ಬಾವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅಲ್ಲಿಯವರೆಗೆ ಸ್ಟೀರಾಯ್ಡ್ ಅಥವಾ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ನೀವಾಗಿಯೇ ಏರಿಸುವುದು, ನಿಲ್ಲಿಸುವುದು ಎರಡೂ ಬೇಡ.