ಕೋಲಾರದ ಕಡೆ ಎಸ್‌ಪಿಬಿ ಯಾವ ಭಾಷೆಯವರು?

ಚೀಟಿ ಒಂದೇ, ಅದರಲ್ಲಿ ಹಾಡು ಮೂರು. ಒಂದು ಕನ್ನಡದ್ದು, ಒಂದು ತೆಲುಗಿನದು, ಇನ್ನೊಂದು ತಮಿಳಿನದು. ಮೂರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದರು. ತೊಂಬತ್ತರ ದಶಕದ ಒಂದು ಗಣೇಶನ ಹಬ್ಬ, ಊರು ಬಂಗಾರಪೇಟೆ. ಪೆಂಡಾಲ್ ಪಕ್ಕದಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತು. ಜನರಿಂದ ಚೀಟಿ ಇಸ್ಕೊಂಡು ಸ್ಟೇಜಿಗೆ ಮುಟ್ಟಿಸುವುದು ನಮ್ಮಂಥ ಹುಡುಗರ ಕೆಲಸ. ಗಾಯಕ ಆ ಚೀಟಿ ಓದಿ ನಕ್ಕ. ಮೈಕಿನಲ್ಲೇ ಹೇಳಿದ: "ಮೂರೂ ಬಾಲು ಸಾರ್ ಹಾಡೇ. ಯಾವುದು ಹಾಡಿದ್ರೂ ಯಾರೂ ಕಲ್ಲು ಹೊಡೆಯಲ್ಲ ಅಲ್ವಾ?"

ಎಲ್ಲರೂ ನಕ್ಕರು. ನಗುವಿನ ಹಿಂದೆ ಒಂದು ಹಳೆಯ ಜಗಳ ಇತ್ತು. ತೆಲುಗು ಹಾಡು ಜಾಸ್ತಿ ಆದರೆ "ಕನ್ನಡ ಹಾಡ್ರೀ" ಎಂಬ ಕೂಗು ಏಳುತ್ತಿತ್ತು. ಬರೀ ಕನ್ನಡ ಆದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಿದ್ದರು. ಕೆಜಿಎಫ್ ಕಡೆಯಿಂದ ಬಂದವರು ತಮಿಳು ಹಾಡಿಗೆ ಕಾಯುತ್ತಾ ನಿಂತಿರುತ್ತಿದ್ದರು. ಈ ಮೂರೂ ಗುಂಪು ಒಪ್ಪುತ್ತಿದ್ದ ಒಂದೇ ಹೆಸರು ಎಸ್.ಪಿ. ಬಾಲಸುಬ್ರಹ್ಮಣ್ಯಂ.

ಅವರು ತೀರಿಕೊಂಡಿದ್ದು 2020ರ ಸೆಪ್ಟೆಂಬರ್ 25ರಂದು. ಅವರ ಹುಟ್ಟಿದ ದಿನ ಜೂನ್ 4. ಈ ಎರಡು ತಾರೀಕು ಹತ್ತಿರ ಬಂದರೆ ಸಾಕು, ನಮ್ಮ ಕಡೆಯವರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಅವರದೇ ನಗುಮುಖ. ಎಸ್‌ಪಿಬಿಗೆ ಅಭಿಮಾನಿಗಳು ಎಲ್ಲಿಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅವ್ವ ತೆಲುಗು ಹಾಡು, ಮಗ ಕನ್ನಡ ಹಾಡು, ಎದುರು ಮನೆಯವರು ತಮಿಳು ಹಾಡು ಹಾಕಿಕೊಂಡು ಒಬ್ಬನೇ ಗಾಯಕನಿಗೆ ಕಣ್ಣೀರು ಹಾಕುವ ಬೀದಿಗಳು ಇರುವುದು ಇಂಥ ಗಡಿ ಊರುಗಳಲ್ಲೇ. ಅದು ಹೀಗೇಕೆ ಆಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಇದು ಇವತ್ತಿನದಲ್ಲ. ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣ, ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಭಜನೆ ಮನೆಯಲ್ಲಿ ಒಂದು ಪದ ತೆಲುಗಿನದು ಮುಗಿದು ಇನ್ನೊಂದು ಕನ್ನಡದ್ದು ಶುರುವಾದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಇನ್ನು ಕೆಜಿಎಫ್ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸಕ್ಕೆ ಇಳಿದ ಮೇಲೆ ತಮಿಳು ಸೀಮೆಯಿಂದ ಸಾವಿರಾರು ಕುಟುಂಬಗಳು ಬಂದು ಸೇರಿದವು. ಅವರ ಜೊತೆ ಅವರ ಹಾಡೂ ಬಂತು. ಈ ಎರಡರ ನಡುವಿನ ರೈಲು ಜಂಕ್ಷನ್ ಬಂಗಾರಪೇಟೆ. ಅಲ್ಲಿ ಟೀ ಅಂಗಡಿಯವನಿಗೂ ಮೂರು ಭಾಷೆ ಬರಬೇಕು, ಇಲ್ಲದಿದ್ದರೆ ವ್ಯಾಪಾರ ಆಗದು.

ಬಾಲು ಕೂಡ ಇಂಥದೇ ಗಡಿ ಸೀಮೆಗಳಲ್ಲಿ ಬೆಳೆದವರು. 1946ರಲ್ಲಿ ನೆಲ್ಲೂರು ಸೀಮೆಯ ಕುಟುಂಬದಲ್ಲಿ ಹುಟ್ಟಿದರು. ಅಪ್ಪ ಸಾಂಬಮೂರ್ತಿ ಹರಿಕಥೆ ದಾಸರು. ಎಂಜಿನಿಯರಿಂಗ್ ಓದಲು ಸೇರಿದ್ದು ಅನಂತಪುರದಲ್ಲಿ. ಬಾಗೇಪಲ್ಲಿ ದಾಟಿ ಅದೇ ದಾರಿ ಹಿಡಿದು ಹೋದರೆ ಸಿಗುವ ಊರು ಅದು. ಟೈಫಾಯ್ಡ್ ಬಂದು ಅಲ್ಲಿನ ಓದು ನಿಂತಿತು, ಮದ್ರಾಸಿಗೆ ಹೋದರು. 1966ರಲ್ಲಿ ಕೋದಂಡಪಾಣಿ ಅವರ ಸಂಗೀತದಲ್ಲಿ ತೆಲುಗಿನ ಮೊದಲ ಹಾಡು. ಅದರ ಬೆನ್ನಿಗೇ ಕನ್ನಡ. ಎಂ. ರಂಗರಾವ್ ಅವರು 'ನಕ್ಕರೆ ಅದೇ ಸ್ವರ್ಗ'ಕ್ಕೆ ಪಿ. ಸುಶೀಲಾ ಜೊತೆ ಹಾಡಿಸಿದರು. ತೆಲುಗು ಬಿಟ್ಟು ಅವರು ಹಾಡಿದ ಮೊದಲ ಭಾಷೆ ಕನ್ನಡ. ನಮ್ಮ ಕಡೆಯವರು ಇದನ್ನು ತಮ್ಮ ಮನೆ ವಿಷಯ ಹೇಳಿದ ಹಾಗೆ ಹೇಳುತ್ತಾರೆ.

ಹಾಗಂತ ಅವರು ಬಂದ ತಕ್ಷಣ ಜನ ಎತ್ತಿ ಮೆರೆಸಲಿಲ್ಲ. ಆಗ ತೆಲುಗಿನವರಿಗೆ ಘಂಟಸಾಲ ಅಂದರೆ ದೇವರು. ಕನ್ನಡಕ್ಕೆ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಬಾಯಿ ತೆರೆದರೆ ಪಿ.ಬಿ.ಎಸ್. ದನಿಯೇ ಬರಬೇಕು. ತಮಿಳಿನಲ್ಲಿ ಟಿ.ಎಂ. ಸೌಂದರರಾಜನ್. ಮೂರು ಮನೆಗೂ ಯಜಮಾನರಿದ್ದರು. ಈ ತೆಳ್ಳನೆ ದನಿಯ ಹುಡುಗ ಜಗಲಿ ಮೇಲೆ ಕಾಯಬೇಕಿತ್ತು.

ನನ್ನ ಲೆಕ್ಕದಲ್ಲಿ ಇಡೀ ಕಥೆ ತಿರುಗುವುದು 1974ರಲ್ಲಿ. ಆ ವರ್ಷ ಫೆಬ್ರವರಿ 11ಕ್ಕೆ ಘಂಟಸಾಲ ಹೋದರು. ಅದೇ ವರ್ಷ 'ಸಂಪತ್ತಿಗೆ ಸವಾಲ್' ಬಂತು. ರಾಜ್‌ಕುಮಾರ್ ಅದರಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದರು. ಆಮೇಲೆ ಅವರ ಹಾಡು ಅವರದೇ ಆಯಿತು. ತೆಲುಗಿನಲ್ಲಿ ದೊಡ್ಡ ಜಾಗ ಖಾಲಿ ಆಯಿತು. ಕನ್ನಡದಲ್ಲಿ ರಾಜ್ ಬಿಟ್ಟು ಉಳಿದ ನಾಯಕರಿಗೆಲ್ಲ ಒಂದು ದನಿ ಬೇಕಾಯಿತು. 1972ರ 'ನಾಗರಹಾವು' ಚಿತ್ರದಲ್ಲೇ ವಿಷ್ಣುವರ್ಧನ್‌ಗೆ ಬಾಲು ಹಾಡಿದ್ದರು. ಆಮೇಲೆ ಶ್ರೀನಾಥ್, ಅಂಬರೀಶ್, ಅನಂತ್ ನಾಗ್, ಶಂಕರ್ ನಾಗ್ ಎಲ್ಲರಿಗೂ ಅವರೇ. ತಮಿಳಿನಲ್ಲಿ 1969ರಲ್ಲೇ ಎಂಜಿಆರ್‌ಗೆ ಹಾಡಿ ಕಾಲೂರಿದ್ದರು. ಎಂಬತ್ತರ ಹೊತ್ತಿಗೆ ಮೂರು ಭಾಷೆಯ ಹೊಸ ಹಾಡು ಅಂದರೆ ಬಹುಪಾಲು ಒಂದೇ ಕಂಠ. ಚಿಂತಾಮಣಿಯಲ್ಲಿ ಬೆಂಗಳೂರು ಸ್ಟೇಷನ್ ಹಾಕಿದರೂ, ಮುಳ್ಳು ತಿರುಗಿಸಿ ಕಡಪ ಸ್ಟೇಷನ್ ಹಿಡಿದರೂ, ಮದ್ರಾಸ್ ಹಿಡಿದರೂ ಅದೇ ಮನುಷ್ಯ.

ಇದೇ ಕಾಲಕ್ಕೆ ಭಾಷೆಯ ಬಿಸಿಯೂ ಏರಿತು. 1982ರಲ್ಲಿ ಗೋಕಾಕ್ ಚಳವಳಿ ನಡೆಯಿತು, ರಾಜ್‌ಕುಮಾರ್ ಬೀದಿಗಿಳಿದರು. ಗಡಿ ಜಿಲ್ಲೆಯಲ್ಲಿ ಮೈಕಿನಲ್ಲಿ ಯಾವ ಹಾಡು ಬರುತ್ತದೆ ಅನ್ನುವುದು ಸಣ್ಣ ವಿಷಯ ಆಗಿ ಉಳಿಯಲಿಲ್ಲ. ಕನ್ನಡ ಬೇಕು ಎಂದು ಕೂಗಿದವರು ತಪ್ಪು ಎಂದು ನಾನು ಹೇಳುವುದಿಲ್ಲ. ಥಿಯೇಟರುಗಳಲ್ಲಿ ವಾರಗಟ್ಟಲೆ ತೆಲುಗು, ತಮಿಳು ಸಿನಿಮಾಗಳೇ ಓಡುತ್ತಿದ್ದ ಊರಲ್ಲಿ ಆ ಸಿಟ್ಟಿಗೆ ಕಾರಣ ಇತ್ತು. ಆದರೆ ಸ್ಟೇಜ್ ಮೇಲೆ ನಿಂತವನಿಗೆ ಹೊಟ್ಟೆಪಾಡು. ಎಲ್ಲರನ್ನೂ ಕೂರಿಸಿಕೊಂಡು ರಾತ್ರಿ ಹನ್ನೆರಡರವರೆಗೆ ತಳ್ಳಬೇಕು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಚೆನ್ನಾಗಿತ್ತು. ಶಂಕರ್ ನಾಗ್ ಅವರ 1981ರ 'ಗೀತಾ' ಚಿತ್ರದ 'ಜೊತೆಯಲಿ' ಹಾಡು ನಿಮಗೆ ಗೊತ್ತು. ಇಳಯರಾಜ ಅದೇ ರಾಗವನ್ನು 1984ರಲ್ಲಿ 'ನೂರಾವದು ನಾಳ್' ಎಂಬ ತಮಿಳು ಚಿತ್ರಕ್ಕೂ ಕೊಟ್ಟರು. ಅಲ್ಲೂ ಹಾಡಿದ್ದು ಬಾಲು ಮತ್ತು ಎಸ್. ಜಾನಕಿ. ಬಂಗಾರಪೇಟೆಯ ಆ ಗಾಯಕ ಪಲ್ಲವಿಯನ್ನು ಕನ್ನಡದಲ್ಲಿ ಎತ್ತುತ್ತಿದ್ದ. ಒಂದು ಚರಣ ಮುಗಿಸಿ, ಕೀಬೋರ್ಡ್‌ನವನಿಗೆ ಕಣ್ಣಲ್ಲೇ ಸನ್ನೆ ಮಾಡಿ, ಮುಂದಿನ ಚರಣಕ್ಕೆ ತಮಿಳಿಗೆ ದಾಟುತ್ತಿದ್ದ. ಹಿಂದಿನ ಸಾಲಿನಿಂದ ಶಿಳ್ಳೆ ಬೀಳುತ್ತಿತ್ತು. ಮುಂದಿನ ಸಾಲಿನವರು ಸಿಟ್ಟಾಗುವಷ್ಟರಲ್ಲಿ ಕನ್ನಡಕ್ಕೆ ವಾಪಸ್ ಬಂದಿರುತ್ತಿದ್ದ.

1990ರಲ್ಲಿ 'ಕೇಳಡಿ ಕಣ್ಮಣಿ' ಬಂದ ಮೇಲೆ ಇನ್ನೊಂದು ಪರೀಕ್ಷೆ ಶುರುವಾಯಿತು. ಅದರಲ್ಲಿ ಚರಣವನ್ನು ಉಸಿರೇ ಬಿಡದೆ ಹಾಡಿದ ಹಾಗಿರುವ ಹಾಡೊಂದಿದೆ. ಕೆಜಿಎಫ್‌ನವರು ಅದಕ್ಕೇ ಚೀಟಿ ಕಳಿಸುತ್ತಿದ್ದರು, ಗಾಯಕ ಸಿಕ್ಕಿಬೀಳಲಿ ಎಂದು. ನಾನು ಸ್ಟೇಜ್ ಪಕ್ಕದಲ್ಲೇ ನಿಂತು ನೋಡಿದ್ದೇನೆ. ನಡುವೆ ಒಂದು ಕಡೆ ಮೈಕನ್ನು ಬಾಯಿಂದ ಒಂದು ಗೇಣು ದೂರ ಒಯ್ಯುತ್ತಿದ್ದ. ಅದೇ ಕ್ಷಣಕ್ಕೆ ರಿದಂ ಪ್ಯಾಡ್‌ನವನು ಜೋರಾಗಿ ಒಂದು ಉರುಳಿಕೆ ಬಾರಿಸುತ್ತಿದ್ದ. ಆ ಗದ್ದಲದಲ್ಲಿ ನಮ್ಮವನು ಉಸಿರು ಎಳೆದುಕೊಂಡು ಮುಗಿಸಿಬಿಡುತ್ತಿದ್ದ. ಕತ್ತಿನ ನರ ಉಬ್ಬಿ, ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಜನ ಐದು ರೂಪಾಯಿ, ಹತ್ತು ರೂಪಾಯಿ ನೋಟು ಅಂಗಿಗೆ ಪಿನ್ ಮಾಡುತ್ತಿದ್ದರು.

ಬಾಲು ಎಷ್ಟು ಹಾಡು ಹಾಡಿದರು ಎಂಬ ಲೆಕ್ಕ ಬೇಡ. 40 ಸಾವಿರ ಅನ್ನುತ್ತಾರೆ, ಅಭಿಮಾನಿಗಳು ಅದಕ್ಕೂ ಜಾಸ್ತಿ ಅನ್ನುತ್ತಾರೆ. ಆರು ರಾಷ್ಟ್ರ ಪ್ರಶಸ್ತಿ ಬಂದಿತ್ತು, ಅದರಲ್ಲಿ ಒಂದು ಕನ್ನಡದ ಪಂಚಾಕ್ಷರ ಗವಾಯಿ ಚಿತ್ರಕ್ಕೆ. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಅಭ್ಯಾಸ. ರೆಕಾರ್ಡಿಂಗ್‌ಗೆ ಮೊದಲು ಯಾವ ಭಾಷೆಯ ಹಾಡನ್ನೇ ಆಗಲಿ ತಮ್ಮ ಕೈಯಾರೆ ತೆಲುಗು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕನ್ನಡದ ಅಲ್ಪಪ್ರಾಣ ಮಹಾಪ್ರಾಣ, ಳಕಾರ ಎಲ್ಲ ತೆಲುಗು ಅಕ್ಷರದಲ್ಲಿ ಸರಿಯಾಗಿ ಕೂರುತ್ತವೆ. 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಮಕ್ಕಳ ಉಚ್ಚಾರಣೆ ತಿದ್ದುತ್ತಿದ್ದರಲ್ಲ, ಅದನ್ನು ನೋಡಿ ನಮ್ಮ ತೆಲುಗು ಮಾತಾಡುವ ಮನೆಗಳಲ್ಲಿ ದೊಡ್ಡವರು ಮಕ್ಕಳಿಗೆ ಹೇಳುತ್ತಿದ್ದರು: "ನೋಡೋ, ಅವರೂ ಮನೇಲಿ ತೆಲುಗೇ. ಕನ್ನಡ ಹೆಂಗೆ ಮಾತಾಡ್ತಾರೆ ನೋಡು." ಮುಂದಿನ ಜನ್ಮ ಇದ್ದರೆ ಕನ್ನಡ ನಾಡಲ್ಲಿ ಹುಟ್ಟಬೇಕು ಎಂದು ಅವರು ಹೇಳಿದ್ದನ್ನು ಈಗಲೂ ಸ್ಟೇಟಸ್ ಹಾಕುತ್ತಾರೆ.

ಆಮೇಲೆ 2020. ಆಗಸ್ಟ್ 5ಕ್ಕೆ ಆಸ್ಪತ್ರೆಯಿಂದ ಅವರೇ ವಿಡಿಯೊ ಮಾಡಿ, ಸ್ವಲ್ಪ ಕೋವಿಡ್, ಗಾಬರಿ ಬೇಡ ಅಂದಿದ್ದರು. ಆಗಸ್ಟ್ 20ರ ಸಂಜೆ ಆರಕ್ಕೆ ಎಲ್ಲರೂ ಇದ್ದಲ್ಲೇ ಪ್ರಾರ್ಥಿಸಿ, ಅವರ ಹಾಡು ಹಾಕಿ ಎಂದು ಚೆನ್ನೈನಿಂದ ಕರೆ ಬಂತು. ನಮ್ಮ ಬೀದಿಯಲ್ಲಿ ಆ ಸಂಜೆ ಒಂದೊಂದು ಮನೆಯಿಂದ ಒಂದೊಂದು ಹಾಡು, ಎಲ್ಲ ಕಲಸಿಹೋಗಿ ಒಂದೂ ಸರಿಯಾಗಿ ಕೇಳಲಿಲ್ಲ. ಎರಡು ದಿನಕ್ಕೆ ಗಣೇಶನ ಹಬ್ಬ. ಆ ವರ್ಷ ಆರ್ಕೆಸ್ಟ್ರಾ ಇಲ್ಲ, ಮೆರವಣಿಗೆ ಇಲ್ಲ. ಸೆಪ್ಟೆಂಬರ್ 25ರ ಮಧ್ಯಾಹ್ನ ಸುದ್ದಿ ಬಂದಾಗ ಆರ್ಕೆಸ್ಟ್ರಾದ ಹುಡುಗರು ಆರು ತಿಂಗಳಿಂದ ಕೆಲಸ ಇಲ್ಲದೆ ಕೂತಿದ್ದರು. ತಮಗೆ ಅನ್ನ ಕೊಟ್ಟ ಕಂಠಕ್ಕೆ ಒಂದು ಸ್ಟೇಜ್ ಹಾಕಿ ಹಾಡುವುದಕ್ಕೂ ಆಗಲಿಲ್ಲ.

ಆಮೇಲೆ ಸ್ಟೇಜ್ ಬಂತು, ಬೇರೆ ಥರದ್ದು. ಈಗ ಕರೋಕೆ ಕಾಲ. ಒಂದು ಸ್ಪೀಕರ್, ಒಂದು ಮೊಬೈಲ್, ಎರಡು ಮೈಕ್ ಇದ್ದರೆ 'ಎಸ್‌ಪಿಬಿ ನೆನಪು' ಸಂಜೆ ರೆಡಿ. ಬ್ಯಾಂಕಿನವರು, ಮೇಷ್ಟ್ರು, ಟೊಮೆಟೊ ಮಂಡಿಯ ದಲ್ಲಾಳಿ, ಯಾರು ಬೇಕಾದರೂ ಹಾಡಬಹುದು. ಖರ್ಚು ಕಮ್ಮಿ, ಸಂತೋಷ ಜಾಸ್ತಿ. ನನಗೆ ಮಾತ್ರ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಉಸಿರು ಎಳೆದುಕೊಳ್ಳಲು ಉರುಳಿಕೆ ಬಾರಿಸಿ ಕಾಪಾಡುವ ರಿದಂ ಪ್ಯಾಡ್ ಗೆಳೆಯ ಅಲ್ಲಿಲ್ಲ. ನಡುವೆ ಭಾಷೆ ದಾಟುವ ಆಟವೂ ನಡೆಯದು.

ಕಳೆದ ಸಲ ಬಂಗಾರಪೇಟೆಯ ಒಂದು ಸಣ್ಣ ಹಾಲ್‌ನಲ್ಲಿ ಇಂಥದೇ ಸಂಜೆಗೆ ಹೋಗಿದ್ದೆ. ಗಣಿಯಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರು ಹಾಡಲು ಎದ್ದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಮನೆಗೆ ಬಂದವರು. ಆಮೇಲೆ ಎಷ್ಟೋ ವರ್ಷ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಓಡಾಡಿದವರು. 'ಬಂಧನ' ಚಿತ್ರದ 'ನೂರೊಂದು ನೆನಪು' ಹಾಡುತ್ತೇನೆ ಅಂದರು. ಮೊಬೈಲ್ ಬೇಡ ಎಂದು ಜೇಬಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. ಅಂಚು ಎಣ್ಣೆ ಹಿಡಿದು ಕಪ್ಪಾಗಿತ್ತು. ಪಕ್ಕದಲ್ಲಿದ್ದ ನಾನು ಬಗ್ಗಿ ನೋಡಿದೆ. ಕನ್ನಡದ ಇಡೀ ಹಾಡು ತಮಿಳು ಅಕ್ಷರದಲ್ಲಿತ್ತು. ತಮಿಳಿನಲ್ಲಿ ದಕಾರಕ್ಕೂ ತಕಾರಕ್ಕೂ ಒಂದೇ ಅಕ್ಷರ ಅಲ್ವಾ, ಅದಕ್ಕೆ ತಪ್ಪಾಗದಿರಲಿ ಎಂದು ಎಲ್ಲಿ 'ದ' ಬರಬೇಕೋ ಅಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ಕನ್ನಡಕ ಏರಿಸಿ, ಚುಕ್ಕೆಗಳ ಮೇಲೆ ಬೆರಳು ಓಡಿಸುತ್ತಾ ಹಾಡು ಎತ್ತಿಕೊಂಡರು.