ಗ್ಲೂಟನ್-ಫ್ರೀ ಅಂದರೆ ಅಕ್ಕಿಯದ್ದು ಅಂತಲ್ಲ

ಇಂದಿರಾನಗರ, ಕೋರಮಂಗಲದ ಕಡೆ ಥಾಯ್, ಜಪಾನಿ, ಚೈನೀಸ್ ಹೋಟೆಲುಗಳ ಮೆನುವಿನಲ್ಲಿ ಫ್ರೈಡ್ ರೈಸ್ ಪಕ್ಕ ‘ಗ್ಲೂಟನ್-ಫ್ರೀ’ ಎಂಬ ಗುರುತು ಕಾಣಿಸುತ್ತದೆ. ಹೇಗೆ ಅಂತ ಕೇಳಿದರೆ ಬರುವ ಉತ್ತರ ಒಂದೇ: ‘ಅಕ್ಕಿ ಸರ್, ಗೋಧಿ ಇಲ್ಲ.’ ಗ್ಲೂಟನ್ ಎಂಬುದು ಗೋಧಿ, ಬಾರ್ಲಿ, ರೈ ಧಾನ್ಯಗಳ ಪ್ರೋಟೀನು. ಅಕ್ಕಿಯಲ್ಲಿ ಅದು ಇಲ್ಲ, ಸರಿ. ಆ ಅಕ್ಕಿಯ ಮೇಲೆ ಸುರಿದ ಸೋಯಾ ಸಾಸಿನಲ್ಲಿ ಗೋಧಿ ಇದೆ. ಗ್ಲೂಟನ್ ತಿಂದರೆ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯವರಿಗೆ ತೊಂದರೆಯಾಗಲು ಅಷ್ಟು ಸಾಕು. ಈ ಪದವನ್ನು ‘ಮೈದಾ ಇಲ್ಲದ್ದು’, ‘ಅನ್ನದ ಐಟಂ’, ‘ಡಯಟ್ ಊಟ’ ಎಂಬ ಅರ್ಥಗಳಲ್ಲಿ ಬಳಸುವುದು ನಿಲ್ಲಬೇಕು.

ಗ್ಲೂಟನ್ ಎಂಬುದು ಲ್ಯಾಟಿನ್ ಪದ. ಅರ್ಥ ಅಂಟು, ಗೋಂದು. ಇಟಲಿಯ ಬೊಲೋನ್ಯದ ವಿಜ್ಞಾನಿ ಯಾಕೊಪೊ ಬೆಕ್ಕಾರಿ ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ಈ ಅಂಟನ್ನು ಬೇರ್ಪಡಿಸಿದ ವಿವರ 1745ರಲ್ಲಿ ಅಚ್ಚಾಯಿತು. ಅದನ್ನು ಮನೆಯಲ್ಲೇ ನೋಡಬಹುದು. ಒಂದು ಹಿಡಿ ಮೈದಾ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಸುಕುತ್ತಾ ಹೋದರೆ ಹಾಲಿನಂಥ ಪಿಷ್ಟ ಹರಿದು ಹೋಗಿ, ರಬ್ಬರಿನ ಹಾಗೆ ಎಳೆದುಕೊಳ್ಳುವ ಬೂದುಬಣ್ಣದ ಮುದ್ದೆ ಕೈಯಲ್ಲಿ ಉಳಿಯುತ್ತದೆ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಇದರಿಂದಲೇ. ಗೋಧಿಯ ಗ್ಲಿಯಾಡಿನ್, ಗ್ಲೂಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಸೇರಿ ಹೆಣೆದುಕೊಂಡಾಗ ಗ್ಲೂಟನ್ ಆಗುತ್ತದೆ. ಬಾರ್ಲಿಯಲ್ಲಿ ಹೊರ್ಡಿನ್, ರೈ ಧಾನ್ಯದಲ್ಲಿ ಸೆಕಾಲಿನ್ ಇವೆ. ಕರುಳಿನ ಮಟ್ಟಿಗೆ ಮೂರೂ ಒಂದೇ. ಆದ್ದರಿಂದ ‘ಗೋಧಿ ಇಲ್ಲ’ ಎಂಬುದು ‘ಗ್ಲೂಟನ್ ಇಲ್ಲ’ ಎಂಬುದಕ್ಕೆ ಸಮವಲ್ಲ. ಬಾರ್ಲಿಯ ಮಾಲ್ಟ್ ಹಾಕಿದ ಸಾಸಿನಲ್ಲಿ ಗೋಧಿ ಇರುವುದಿಲ್ಲ, ಗ್ಲೂಟನ್ ಇರುತ್ತದೆ.

ಬೆಕ್ಕಾರಿಗಿಂತ ಎಷ್ಟೋ ಮೊದಲು ಚೀನಾದವರು ಈ ಮುದ್ದೆಯನ್ನೇ ತೊಳೆದು, ಬೇಯಿಸಿ ತಿನ್ನುತ್ತಿದ್ದರು. ಜಪಾನಿನಲ್ಲಿ ಅದಕ್ಕೆ ಫು ಎನ್ನುತ್ತಾರೆ. ಈಗ ಎಲ್ಲೆಡೆ ಓಡಾಡುತ್ತಿರುವ ಹೆಸರು ಸೇಟಾನ್. ಶುದ್ಧ ಸಸ್ಯಾಹಾರಿ ಏಷ್ಯನ್ ಮೆನುವಿನಲ್ಲಿ ‘ಮಾಕ್ ಡಕ್’ (ಬಾತುಕೋಳಿ ಮಾಂಸದ ನಕಲು) ಅಂತ ಬರುವುದು ಸಾಮಾನ್ಯವಾಗಿ ಇದೇ, ಅಂದರೆ ಬಹುಪಾಲು ಗ್ಲೂಟನ್ನೇ. ವೆಜ್ ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡು ತರಿಸಬಾರದ ಮೊದಲ ಪದಾರ್ಥ ಅದು.

ಇನ್ನು ಹೆಸರಿನಿಂದ ಹುಟ್ಟಿದ ಎರಡು ತಪ್ಪು ಭಯಗಳು. ಇಂಗ್ಲಿಷಿನಲ್ಲಿ ‘ಗ್ಲೂಟಿನಸ್ ರೈಸ್’ ಎಂದು ಕರೆಯುವ ಜಿಗುಟು ಅಕ್ಕಿಯಲ್ಲಿ ಗ್ಲೂಟನ್ ಇಲ್ಲ. ಅದು ಅಂಟುವುದು ಪಿಷ್ಟದ ಗುಣದಿಂದ: ಪಿಷ್ಟದ ಎರಡು ಬಗೆಗಳಲ್ಲಿ ಅಮೈಲೋಸ್ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಪಿಷ್ಟವೆಲ್ಲ ಅಮೈಲೋಪೆಕ್ಟಿನ್. ತೆಂಗಿನ ಹಾಲಿನ ಜೊತೆ ಬರುವ ಥಾಯ್ ಮಾವಿನಹಣ್ಣಿನ ಅನ್ನವನ್ನು ಈ ಹೆಸರಿಗೆ ಹೆದರಿ ಬಿಡುವುದು ಅನಗತ್ಯ.

ಎರಡನೆಯದು ಟೇಸ್ಟಿಂಗ್ ಪೌಡರ್, ಅಂದರೆ ಅಜಿನೊಮೊಟೊ ಎಂದು ಪರಿಚಿತವಾದ ಮೊನೊಸೋಡಿಯಂ ಗ್ಲುಟಮೇಟ್. ಗ್ಲುಟಮೇಟ್ ಎಂಬ ಹೆಸರಿಗೆ ಗ್ಲೂಟನ್ನೇ ಮೂಲ, ಏಕೆಂದರೆ ಜರ್ಮನಿಯ ರಸಾಯನಶಾಸ್ತ್ರಜ್ಞ ರಿಟ್‌ಹೌಸನ್ 1866ರಲ್ಲಿ ಗ್ಲುಟಾಮಿಕ್ ಆಮ್ಲವನ್ನು ಮೊದಲು ತೆಗೆದದ್ದು ಗೋಧಿಯ ಗ್ಲೂಟನ್‌ನಿಂದ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕೊಂಬು ಎಂಬ ಸಮುದ್ರಪಾಚಿಯ ರುಚಿಗೆ ಇದೇ ಕಾರಣ ಎಂದು ಗುರುತಿಸಿದ ಮೇಲೆ ಅಜಿನೊಮೊಟೊ ತಯಾರಾದದ್ದೂ ಶುರುವಿನಲ್ಲಿ ಗೋಧಿಯ ಗ್ಲೂಟನ್‌ನಿಂದಲೇ. ಈಗ ಅದನ್ನು ಕಬ್ಬಿನ ಕಾಕಂಬಿ, ಮರಗೆಣಸು, ಮೆಕ್ಕೆಜೋಳದಂಥವನ್ನು ಹುದುಗಿಸಿ ಮಾಡುತ್ತಾರೆ. ಶುದ್ಧ ಟೇಸ್ಟಿಂಗ್ ಪೌಡರಿನಲ್ಲಿ ಗ್ಲೂಟನ್ ಇಲ್ಲ. ‘ಟೇಸ್ಟಿಂಗ್ ಪೌಡರ್ ಹಾಕ್ಬೇಡಿ’ ಎಂದಷ್ಟೇ ಹೇಳಿ ಸೋಯಾ ಸಾಸಿನ ಬಗ್ಗೆ ಸುಮ್ಮನಿರುವವರು ಎಚ್ಚರ ವಹಿಸಬೇಕಾದ ಜಾಗವನ್ನೇ ಬಿಟ್ಟಿರುತ್ತಾರೆ.

‘ಫ್ರೀ’ ಎಂಬುದಕ್ಕೂ ಒಂದು ಅಳತೆ ಇದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲೂ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ಮಿತಿ ಕೆ.ಜಿ.ಗೆ 20 ಮಿ.ಗ್ರಾಂ. ಈ ಮಿತಿಗೆ ಸರಿಯಾಗಿ ಮುಟ್ಟಿದ ಆಹಾರವನ್ನು ಅರ್ಧ ಕೆ.ಜಿ. ತಿಂದರೂ ಒಳಗೆ ಹೋಗುವುದು 10 ಮಿ.ಗ್ರಾಂ ಗ್ಲೂಟನ್. ದಿನಕ್ಕೆ 50 ಮಿ.ಗ್ರಾಂನಂತೆ ಕೆಲವು ತಿಂಗಳು ಹೋದರೆ ಸೀಲಿಯಾಕ್ ಇರುವವರ ಕರುಳಿಗೆ ಹಾನಿಯಾಗುತ್ತದೆ ಎಂಬುದು ಪರೀಕ್ಷಿಸಿ ಕಂಡ ಸಂಗತಿ. ಒಂದು ಟೀ ಚಮಚ ಮೈದಾದಲ್ಲಿ 200 ಮಿ.ಗ್ರಾಂಗೂ ಹೆಚ್ಚು ಗ್ಲೂಟನ್ ಇರುತ್ತದೆ. ಸೂಪು ಗಟ್ಟಿಯಾಗಲೆಂದು ಕಾರ್ನ್‌ಫ್ಲೋರ್ ಜೊತೆ ಕದಡುವ ಒಂದೇ ಚಮಚ ಮೈದಾಕ್ಕೂ ಈ ಲೆಕ್ಕ ಅನ್ವಯ. ‘ಸ್ವಲ್ಪಾನೇ ಹಾಕಿದೀವಿ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಏಷ್ಯನ್ ಅಡುಗೆಯಲ್ಲಿ ಎಡವುವುದು ಸಾಸುಗಳಲ್ಲಿ. ಜಪಾನಿನ ಸಾಮಾನ್ಯ ಸೋಯಾ ಸಾಸ್ ಆದ ಶೋಯುವಿನಲ್ಲಿ ಸೋಯಾ ಮತ್ತು ಹುರಿದ ಗೋಧಿ ಹೆಚ್ಚುಕಡಿಮೆ ಸಮಸಮ. ಟೆರಿಯಾಕಿ ಅದರದ್ದೇ ಮಗು. ಹೊಯ್ಸಿನ್‌ನಲ್ಲಿ ಬಹಳ ಸಲ ಗೋಧಿ ಹಿಟ್ಟು, ಆಯ್ಸ್ಟರ್ ಸಾಸಿನಲ್ಲಿ ಸೋಯಾ ಸಾಸೋ ಗೋಧಿ ಹಿಟ್ಟೋ, ಕೊರಿಯಾದ ಮೆಣಸಿನಕಾಯಿ ಪೇಸ್ಟ್ ಗೊಚುಜಾಂಗ್‌ನಲ್ಲಿ ಗೋಧಿ ಅಥವಾ ಬಾರ್ಲಿ. ಹುದುಗಿಸಿದ ಸೋಯಾ ಪೇಸ್ಟ್ ಆದ ಮಿಸೊ ಅಕ್ಕಿ ಸೇರಿದ್ದೂ ಇದೆ, ಬಾರ್ಲಿ ಸೇರಿದ್ದೂ ಇದೆ. ಥಾಯ್ ಮೀನಿನ ಸಾಸ್ ಸಾಮಾನ್ಯವಾಗಿ ಮೀನು, ಉಪ್ಪು ಅಷ್ಟೇ. ಜಪಾನಿನ ಇನ್ನೊಂದು ಬಗೆಯ ಸೋಯಾ ಸಾಸ್ ಆದ ಟಮಾರಿಯಲ್ಲಿ ಗೋಧಿ ಇಲ್ಲ ಅಥವಾ ಅತಿ ಕಡಿಮೆ. ಆ ‘ಅಥವಾ’ ಇರುವುದರಿಂದ ಹೆಸರು ನೋಡಿ ನಂಬದೆ ಬಾಟಲಿಯ ಹಿಂಬದಿ ಓದಬೇಕು. ‘ಹುದುಗಿದಾಗ ಗ್ಲೂಟನ್ ಕರಗಿ ಹೋಗುತ್ತೆ, ಸೋಯಾ ಸಾಸ್ ಪರವಾಗಿಲ್ಲ’ ಎಂಬ ವಾದ ಆಗಾಗ ಕೇಳಿಬರುತ್ತದೆ. ಹುದುಗುವಾಗ ಪ್ರೋಟೀನು ತುಂಡಾಗುವುದು ನಿಜ. ಆದರೆ ಗ್ಲೂಟನ್ ಅಳೆಯಲು ಪ್ರಯೋಗಾಲಯದಲ್ಲಿ ಮಾಡುವ ಮಾಮೂಲಿ ಎಲಿಸಾ ಪರೀಕ್ಷೆ ಗುರುತಿಸುವುದು ಇಡೀ ಗ್ಲೂಟನ್ನನ್ನು. ತುಂಡುಗಳು ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ವರದಿಯಲ್ಲಿ ಅಂಕಿ ಕಡಿಮೆ ಬಂತು ಎಂಬುದು ಇಲ್ಲಿ ಸುರಕ್ಷತೆಗೆ ಸಾಕ್ಷಿಯಾಗದು.

ನೂಡಲ್ಸ್ ವಿಷಯ ಚಿಕ್ಕದು. ನಮ್ಮೂರಿನ ಹಕ್ಕಾ ನೂಡಲ್ಸ್, ರಾಮೆನ್, ಉಡಾನ್, ಮೋಮೊ ಹಾಳೆ ಎಲ್ಲ ಗೋಧಿಯವು. ಹೆಸರುಕಾಳಿನ ಗ್ಲಾಸ್ ನೂಡಲ್ಸ್, ಅಕ್ಕಿ ನೂಡಲ್ಸ್, ಅಕ್ಕಿ ಹಾಳೆಯ ರೋಲ್ ಸರಿ. ಬಕ್‌ವೀಟ್ ಹಿಟ್ಟಿನ ಜಪಾನಿ ನೂಡಲ್ಸ್ ಆದ ಸೋಬಾ ಮೋಸ ಮಾಡುತ್ತದೆ: ಬಕ್‌ವೀಟ್ ಗೋಧಿಯ ಜಾತಿಯಲ್ಲ, ಆದರೆ ಹಿಟ್ಟು ಒಡೆಯದಿರಲೆಂದು ಬಹುತೇಕ ಸೋಬಾದಲ್ಲಿ ಗೋಧಿ ಬೆರೆಸಿರುತ್ತಾರೆ. ಸಿಗಡಿ ತುಂಬಿದ ಹಾರ್ ಗಾವ್ ಎಂಬ ಡಿಮ್ ಸಮ್‌ನ ಪಾರದರ್ಶಕ ಹಾಳೆಯೂ ಗೋಧಿಯ ಪಿಷ್ಟದ್ದೇ. ಗೋಬಿ ಮಂಚೂರಿಯ ಬಗ್ಗೆ ಹೇಳಬೇಕಾದ್ದೇ ಇಲ್ಲ, ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದು ಸೋಯಾ ಸಾಸಿನಲ್ಲಿ ಹೊರಳಿಸಿದ್ದು.

ಪದಾರ್ಥಗಳೆಲ್ಲ ಸರಿಯಿದ್ದೂ ಅಡುಗೆಮನೆಯಲ್ಲಿ ಕೆಡಬಹುದು. ಹಕ್ಕಾ ನೂಡಲ್ಸ್ ಬೇಯಿಸಿದ ನೀರಿನಲ್ಲೇ ಅಕ್ಕಿ ನೂಡಲ್ಸ್ ಅದ್ದುತ್ತಾರೆ. ಗೋಬಿ ಕರಿದ ಎಣ್ಣೆಯಲ್ಲೇ ಬರಿ ಕಾರ್ನ್‌ಫ್ಲೋರ್ ಹಚ್ಚಿದ ಪನೀರ್ ಬೀಳುತ್ತದೆ. ಎರಡು ಆರ್ಡರುಗಳ ನಡುವೆ ಬಾಣಲೆಗೆ ನೀರು ಸುರಿದು ಕುಂಚದಿಂದ ಒಮ್ಮೆ ಉಜ್ಜುತ್ತಾರೆ, ಸೋಪು ಮುಟ್ಟುವುದಿಲ್ಲ. ಸೀಲಿಯಾಕ್ ಉತ್ತರದ ಗೋಧಿ ಸೀಮೆಗಿಂತ ದಕ್ಷಿಣದಲ್ಲಿ ಕಡಿಮೆ, ಹಾಗಾಗಿ ಇಲ್ಲಿನ ಭಟ್ಟರಿಗೆ ಈ ಪದ ಅಪರಿಚಿತವಾಗಿರುವುದು ಅವರ ತಪ್ಪಲ್ಲ. ‘ಗ್ಲೂಟನ್-ಫ್ರೀ ಇದೆಯಾ?’ ಎಂದು ಕೇಳಿದರೆ ಸಿಗುವ ‘ಇದೆ’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ‘ಅಣ್ಣಾ, ಇದಕ್ಕೆ ಯಾವ್ಯಾವ ಸಾಸ್ ಹಾಕ್ತೀರಾ? ಬಾಟ್ಲಿ ಸ್ವಲ್ಪ ತೋರಿಸ್ತೀರಾ? ಬಾಣಲೆ, ಸೌಟು ಸೋಪು ಹಾಕಿ ತೊಳೆದು, ಹೊಸ ಎಣ್ಣೇಲಿ ಮಾಡಿಕೊಡೋಕಾಗುತ್ತಾ?’ ಗೋಧಿ, ಬಾರ್ಲಿಯಂಥ ಗ್ಲೂಟನ್ ಧಾನ್ಯಗಳನ್ನು ಅಲರ್ಜಿ ಪಟ್ಟಿಯಲ್ಲಿ ನಮೂದಿಸುವುದು ಪ್ಯಾಕೆಟ್ ಆಹಾರಕ್ಕೆ ಕಡ್ಡಾಯ, ಆದ್ದರಿಂದ ಬಾಟಲಿ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ. ಗಿರಾಕಿ ತುಂಬಿರುವ ಶನಿವಾರ ರಾತ್ರಿ ಎಂಟೂವರೆಗೆ ಇದನ್ನೆಲ್ಲ ಕೇಳಿ ಪ್ರಯೋಜನವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ, ಕರಿಯುವ ಎಣ್ಣೆ ಹೊಸದಿರುವಾಗ ಹೋಗಬೇಕು.

ಮನೆಯಲ್ಲಿ ಮಾಡುವವರಿಗೆ: ಇಬ್ಬರಿಗೆ ಆಗುವ ಮೂರು ಕಪ್ ತಣ್ಣನೆ ಅನ್ನಕ್ಕೆ ಗ್ಲೂಟನ್-ಫ್ರೀ ಎಂದು ನಮೂದಿಸಿದ ಟಮಾರಿ ಒಂದು ದೊಡ್ಡ ಚಮಚ, ಬಿಳಿ ವಿನೆಗರ್ ಒಂದು ಟೀ ಚಮಚ, ಬಿಳಿ ಮೆಣಸಿನ ಪುಡಿ ಕಾಲು ಟೀ ಚಮಚ. ಮಾಲ್ಟ್ ವಿನೆಗರ್ ಬೇಡ, ಅದು ಬಾರ್ಲಿಯದ್ದು. ಟಮಾರಿಯಲ್ಲೇ ಉಪ್ಪು ಜೋರಾಗಿರುವುದರಿಂದ ರುಚಿ ನೋಡಿದ ಮೇಲೆ ಉಪ್ಪು ಸೇರಿಸಿ. ಟಮಾರಿ ಸಿಗದಿದ್ದರೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಮೀನು ತಿನ್ನುವವರಾದರೆ ಎರಡು ಟೀ ಚಮಚ ಮೀನಿನ ಸಾಸ್ ಸಾಕು. ಮತ್ತೆ, ಈ ಅನ್ನದ ಜೊತೆಗೆ ಸಾರು ಮಾಡುವವರು ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಗಡಿಯ ಇಂಗು ಬರಿ ಇಂಗಲ್ಲ, ಗೋಂದು ಮತ್ತು ಹಿಟ್ಟು ಸೇರಿಸಿ ಕಟ್ಟಿದ್ದು. ಆ ಹಿಟ್ಟು ಹಲವು ಬ್ರಾಂಡುಗಳಲ್ಲಿ ಗೋಧಿಯದ್ದು, ಕೆಲವರದ್ದು ಮಾತ್ರ ಅಕ್ಕಿಯದ್ದು.